ಕ್ರೈಸ್ತ ಉಪವಾಸ: ಚಿಟಗುಪ್ಪ ಸೀಮೆಯ ಹಿನ್ನೆಲೆಯಲ್ಲಿ

ಕ್ರೈಸ್ತರಲ್ಲಿ ಉಪವಾಸವು ಪ್ರಾರ್ಥನೆ ಮತ್ತು ದಾನಗಳೊಂದಿಗೆ ಹೆಣೆದುಕೊಂಡ ಆಚರಣೆ. ಬೀದರ ಜಿಲ್ಲೆಯ ಚಿಟಗುಪ್ಪ, ಹುಮನಾಬಾದ, ಬಸವಕಲ್ಯಾಣ ಸೀಮೆಗೆ ಇದು ಮುಖ್ಯವಾಗಿ ಮೆಥೋಡಿಸ್ಟ್ ಸಭೆಯ ಮೂಲಕ ಬಂತು. ಬೀದರ ಇನ್ನೂ ನಿಜಾಮರ ಆಳ್ವಿಕೆಯಲ್ಲಿದ್ದ ಕಾಲದಲ್ಲಿ, 19ನೆಯ ಶತಮಾನದ ಕೊನೆಗೆ, ಅಮೆರಿಕದ ಮೆಥೋಡಿಸ್ಟ್ ಮಿಷನರಿಗಳು ಈ ಭಾಗಕ್ಕೆ ಬಂದರು. ಸಭೆ ಸೇರಿದವರಲ್ಲಿ ಬಹುಪಾಲು ದಲಿತ ಕೂಲಿಕಾರರು. ರೋಜಾ, ಏಕಾದಶಿ, ಶ್ರಾವಣ ಸೋಮವಾರಗಳನ್ನು ಕಂಡ ನೆಲಕ್ಕೆ ಉಪವಾಸ ಹೊಸದಲ್ಲ. ಹೊತ್ತಿನ ಊಟಕ್ಕೇ ಪರದಾಡುವವರು ಬೇಕೆಂದೇ ಊಟ ಬಿಡುವುದಕ್ಕೆ ಏನು ಅರ್ಥ ಎಂಬ ಪ್ರಶ್ನೆ ಮಾತ್ರ ದೊಡ್ಡದು.

ಇದಕ್ಕೆ ಬೈಬಲಿನ ಅತಿ ಗಟ್ಟಿ ಉತ್ತರ ಯೆಶಾಯನ ಗ್ರಂಥದ 58ನೆಯ ಅಧ್ಯಾಯದಲ್ಲಿದೆ. ಉಪವಾಸದ ದಿನವೂ ಆಳುಗಳನ್ನು ಹಿಂಡಿ ದುಡಿಸುವ ಧಣಿಗಳನ್ನು ಪ್ರವಾದಿ ಅಲ್ಲಿ ಖಂಡಿಸುತ್ತಾನೆ. ನೊಗ ಮುರಿಯುವುದು, ಹಸಿದವರಿಗೆ ಅನ್ನ ಹಂಚುವುದು ದೇವರು ಮೆಚ್ಚುವ ಉಪವಾಸ ಎನ್ನುತ್ತಾನೆ. ಯೇಸು ಅಡವಿಯಲ್ಲಿ 40 ದಿನ ಉಪವಾಸವಿದ್ದರು. ಉಪವಾಸ ಜನರಿಗೆ ಕಾಣದಂತೆ ತಲೆಗೆ ಎಣ್ಣೆ ಹಚ್ಚಿ, ಮುಖ ತೊಳೆದುಕೊಳ್ಳಬೇಕೆಂದು ಕಲಿಸಿದರು.

ಆದಿ ಸಭೆಯವರು ಬುಧವಾರ, ಶುಕ್ರವಾರ ಉಪವಾಸವಿರುತ್ತಿದ್ದರು. 2ನೆಯ ಶತಮಾನದಲ್ಲಿ ರೋಮಿನಲ್ಲಿ ಹುಟ್ಟಿದ 'ಹರ್ಮಾಸನ ಕುರುಬ' ಎಂಬ ಕೃತಿ ಲೆಕ್ಕವನ್ನೇ ಹೇಳಿಕೊಡುತ್ತದೆ: ಉಪವಾಸದ ದಿನ ರೊಟ್ಟಿ, ನೀರು ಮಾತ್ರ ಸೇವಿಸಿ, ಉಳಿದ ಊಟಕ್ಕೆ ಎಷ್ಟು ಖರ್ಚಾಗುತ್ತಿತ್ತೋ ಅಷ್ಟನ್ನು ವಿಧವೆಗೋ ಅನಾಥರಿಗೋ ಕೊಡಬೇಕು. ಈ ಪರಂಪರೆಯಲ್ಲಿ ಇದಕ್ಕಿಂತ ನೇರವಾದ ಮಾತು ಸಿಗುವುದು ಕಷ್ಟ. ಲೆಂಟ್ ಎನ್ನುವ, ಈಸ್ಟರ್‌ಗೆ ಮುಂಚಿನ 40 ದಿನಗಳ ಪ್ರಸ್ತಾಪ 325ರ ನೈಸಿಯಾ ಮಹಾಸಭೆಯ ನಿಯಮಗಳಲ್ಲಿ ಬರುತ್ತದೆ.

ಮೆಥೋಡಿಸ್ಟ್ ಚಳವಳಿಯ ಮೂಲಪುರುಷ ಜಾನ್ ವೆಸ್ಲಿ ಆಕ್ಸ್‌ಫರ್ಡ್‌ನಲ್ಲಿದ್ದಾಗ ವಾರದಲ್ಲಿ ಎರಡು ದಿನ ಮಧ್ಯಾಹ್ನ ಮೂರರವರೆಗೆ ಏನೂ ತಿನ್ನುತ್ತಿರಲಿಲ್ಲ. 1743ರ ಅವರ ಸಾಮಾನ್ಯ ನಿಯಮಗಳಲ್ಲಿ ಉಪವಾಸವೂ ಸೇರಿದೆ. ಆದರೂ ಅದನ್ನು ಪುಣ್ಯ ಗಳಿಸುವ ದಾರಿಯೆಂದು ಅವರು ಒಪ್ಪಲಿಲ್ಲ. ಕೃಪೆ ಒದಗುವ ಸಾಧನಗಳಲ್ಲಿ ಒಂದೆಂದರು.

ಈ ಭಾಗದ ಕಥೋಲಿಕರು 2005ರಲ್ಲಿ ರಚನೆಯಾದ ಕಲಬುರಗಿ ಧರ್ಮಪ್ರಾಂತ್ಯಕ್ಕೆ ಸೇರುತ್ತಾರೆ. ಅವರಲ್ಲಿ 18ರಿಂದ 59 ವರ್ಷದವರು ಲೆಂಟ್ ಶುರುವಾಗುವ ಬೂದಿ ಬುಧವಾರ ಮತ್ತು ಯೇಸುವಿನ ಮರಣವನ್ನು ನೆನೆಯುವ ಶುಭ ಶುಕ್ರವಾರ ಒಂದೇ ಪೂರ್ತಿ ಊಟ ಮಾಡಬೇಕು. ಕಾಯಿಲೆಯವರಿಗೆ, ಬಸುರಿಯರಿಗೆ ವಿನಾಯಿತಿಯಿದೆ. ಮೆಥೋಡಿಸ್ಟರಲ್ಲಿ ಅಂಥ ಕಟ್ಟಳೆಯಿಲ್ಲ. ಉಪವಾಸ ಪ್ರಾರ್ಥನೆಯ ಕೂಟಗಳು, ಶುಭ ಶುಕ್ರವಾರ ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳನ್ನು ಧ್ಯಾನಿಸುವ ಆರಾಧನೆ ಅವರ ರೂಢಿ. ಲೆಂಟ್ ಬರುವುದು ಹಿಂಗಾರಿ ಜೋಳದ ಸುಗ್ಗಿಯ ಆಸುಪಾಸಿನಲ್ಲಿ. ಬಿಸಿಲಲ್ಲಿ ಕೊಯ್ಲಿಗೆ ಹೋಗುವವರು ಎಷ್ಟು ಹೊತ್ತು ಹಸಿದಿರಬೇಕೆಂಬುದನ್ನು ಅವರವರೇ ನಿರ್ಧರಿಸಿಕೊಳ್ಳುತ್ತಾರೆ.