ಎಕ್ಸ್‌ರೇ ಹಾಳೆಯಲ್ಲಿ ಕಂಡ ಕೆಜಿಎಫ್

ಕೆಜಿಎಫ್ ಎಂದು ಕರೆಯುವ ಕೋಲಾರ ಗಣಿಗಳ ಚಿನ್ನ ಬೆಣಚುಕಲ್ಲಿನ ಪಟ್ಟಿಗಳಲ್ಲಿ ಅಡಗಿತ್ತು. ಆ ಕಲ್ಲನ್ನು ಕೊರೆದು, ಸಿಡಿಸಿ, ಮೇಲೆ ತಂದು, ಪುಡಿ ಮಾಡಿದ ಮೇಲೆಯೇ ಲೋಹ ಕೈಗೆ ಸಿಗುತ್ತಿತ್ತು. ಕೊರೆಯುವಾಗ ಏಳುವ ಸಿಲಿಕಾ ದೂಳಿನಲ್ಲಿರುವ, ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಶ್ವಾಸಕೋಶದ ತಳ ಸೇರಿ ಅಲ್ಲೇ ಉಳಿಯುತ್ತವೆ. ಅವುಗಳ ಸುತ್ತ ಗಂಟು ಕಟ್ಟುತ್ತದೆ, ಗಂಟುಗಳು ಕೂಡಿಕೊಂಡು ಉಸಿರಿನ ಜಾಗ ಕಿರಿದಾಗುತ್ತದೆ. ಸಿಲಿಕೋಸಿಸ್ ಎಂಬ ಈ ಕಾಯಿಲೆ ವಾಸಿಯಾಗುವುದಿಲ್ಲ. ಇದು ಬಂದವರಿಗೆ ಕ್ಷಯ ತಗಲುವ ಅಪಾಯವೂ ಹೆಚ್ಚು.

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಗಣಿಗಳ ಆಡಳಿತ ವಹಿಸಿಕೊಂಡಿತು. 1894ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಗಣಿಗಳ ಬಳಿಯ ಮಾರಿಕುಪ್ಪಂವರೆಗೆ ರೈಲು ಬಂತು. ಉತ್ತರ ಆರ್ಕಾಟ್, ಚಿತ್ತೂರು ಕಡೆಯ ಬಡ ಕುಟುಂಬಗಳು ಬಂದು ಗಣಿ ಕಾರ್ಮಿಕರ ಸಾಲುಮನೆಗಳಾದ ಲೈನ್ ಮನೆಗಳಲ್ಲಿ ನೆಲೆಸಿದವು. ಗಣಿಗೆ ಆಸ್ಪತ್ರೆ ಬೇಗನೇ ಬಂದಿತ್ತು. ಆದರೆ ಅಂದಿನ ವೈದ್ಯಕೀಯ ರೀತಿಯಲ್ಲಿ ಆಸ್ಪತ್ರೆ ಎಂದರೆ ಪೆಟ್ಟು ಬಿದ್ದವನಿಗೆ, ಜ್ವರ ಬಂದವನಿಗೆ. ನೆಟ್ಟಗೆ ನಡೆದು ಕೆಲಸಕ್ಕೆ ಬರುವವನ ಎದೆಯೊಳಗೆ ಏನಿದೆ ಎಂದು ನೋಡುವ ಪದ್ಧತಿ ಹುಟ್ಟಿದ್ದು ಬಹಳ ತಡವಾಗಿ.

ಕಾಯಿಲೆ ಇಲ್ಲದವರನ್ನೂ ಕಾಲಕಾಲಕ್ಕೆ ವೈದ್ಯರು ಪರೀಕ್ಷಿಸಬೇಕೆಂದು ಲಂಡನ್ನಿನ ವೈದ್ಯ ಹೊರೇಸ್ ಡೋಬೆಲ್ 1861ರಲ್ಲೇ ಹೇಳಿದ್ದರು. ಅದೇ ಮುಂದೆ ವಾಡಿಕೆಯ ತಪಾಸಣೆಯಾಯಿತು: ತೂಕ, ನಾಡಿ, ಬಿಪಿ, ಕಣ್ಣು, ಸ್ಟೆತಸ್ಕೋಪ್. ಸಿಲಿಕೋಸಿಸ್ ವಿಷಯದಲ್ಲಿ ಇಷ್ಟು ಸಾಲದು. ಮೊದಲ ಹಂತದಲ್ಲಿ ಕಾರ್ಮಿಕನಿಗೆ ಕೆಮ್ಮು ಕೂಡ ಇಲ್ಲದಿರಬಹುದು, ಎದೆಯ ಸದ್ದಿನಲ್ಲಿ ವ್ಯತ್ಯಾಸ ಕೇಳದಿರಬಹುದು. ಅಂಗಿ ಬಿಚ್ಚಿ, ತಣ್ಣನೆಯ ಫಲಕಕ್ಕೆ ಎದೆ ಒತ್ತಿ, ಉಸಿರು ಎಳೆದು ಹಿಡಿದುಕೊಂಡರೆ ಮಾತ್ರ ಎಕ್ಸ್‌ರೇ ಹಾಳೆಯ ಮೇಲ್ಭಾಗದಲ್ಲಿ ರಾಗಿ ಚೆಲ್ಲಿದಂತೆ ಸಣ್ಣ ಬಿಳಿ ಚುಕ್ಕೆಗಳು ಕಾಣುತ್ತವೆ.

ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಲ್ಲಿ 1916ರಿಂದಲೇ ಈ ತಪಾಸಣೆಗೆಂದು ವೈದ್ಯಕೀಯ ಮಂಡಳಿ ಇತ್ತು. 1930ರಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ಸಿಲಿಕೋಸಿಸ್ ಕುರಿತ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಭಾರತದ ಮೊದಲ ಸಿಲಿಕೋಸಿಸ್ ವರದಿ 1934ರಲ್ಲಿ ಬಂತು, ಅದೂ ಕೋಲಾರದ ಗಣಿಯಿಂದ. ಆಮೇಲೆ 1940ರಿಂದ 1946ರವರೆಗೆ 7,653 ಕಾರ್ಮಿಕರನ್ನು ಪರೀಕ್ಷಿಸಲಾಯಿತು. ನೂರಕ್ಕೆ 43.7 ಮಂದಿಗೆ ಸಿಲಿಕೋಸಿಸ್ ಇತ್ತು. ಶಾಫ್ಟ್ ಇಳಿಯಲು ಸಾಲಿನಲ್ಲಿ ನಿಂತ ಐವರಲ್ಲಿ ಇಬ್ಬರ ಎದೆ ಆಗಲೇ ಕಲ್ಲಾಗತೊಡಗಿತ್ತು. ಆರು ದಶಕ ಗಣಿ ನಡೆದ ಮೇಲೆ ಗೊತ್ತಾದ ಈ ಸಂಖ್ಯೆ ಆ ಊರಿನ ಚರಿತ್ರೆಯ ಅತ್ಯಂತ ನೋವಿನ ಅಂಕಿಗಳಲ್ಲಿ ಒಂದು.

ಕಾರ್ಮಿಕರಿಗೆ ತಪಾಸಣೆ ಎಂದರೆ ಬರೀ ಭರವಸೆಯಾಗಿರಲಿಲ್ಲ. ಕಂಪನಿ ತಮ್ಮ ಮೈಯ ಗುರುತನ್ನು ದಾಖಲಿಸುವುದನ್ನು ಅವರು ಸುಮ್ಮನೆ ಒಪ್ಪಿಕೊಂಡವರೂ ಅಲ್ಲ. ಬೆರಳಚ್ಚು ಕಡ್ಡಾಯ ಮಾಡಿದಾಗ, 1930ರಲ್ಲಿ, ಮೂರು ವಾರ ಮುಷ್ಕರ ಹೂಡಿದ್ದರು. ಎಕ್ಸ್‌ರೇಯಲ್ಲಿ ಚುಕ್ಕೆ ಕಂಡರೆ ಪರಿಹಾರ ಸಿಗಬಹುದು, ಕೆಲಸವೂ ಹೋಗಬಹುದು. ಕೂಲಿಯನ್ನೇ ನಂಬಿದ ಮನೆಗೆ ಆ ಆತಂಕ ತೀರಾ ಸಹಜ.

ತಪಾಸಣೆಗೆ ಒಳಪಡಿಸುವ ಕಾಯಿಲೆಗೆ ಒಪ್ಪಿತ ಚಿಕಿತ್ಸೆ ಇರಬೇಕು ಎಂಬುದು ವಿಲ್ಸನ್ ಮತ್ತು ಯುಂಗ್ನರ್ 1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ಬರೆದ ಸೂತ್ರಗಳಲ್ಲೊಂದು. ಸಿಲಿಕೋಸಿಸ್‌ಗೆ ಅಂಥ ಚಿಕಿತ್ಸೆಯಿಲ್ಲ. ಹಾಗಿದ್ದರೂ ಗಣಿಯಲ್ಲಿ ಎಲ್ಲರನ್ನೂ ಪರೀಕ್ಷಿಸಲು ಕಾರಣವಿತ್ತು: ಒಬ್ಬನ ಎದೆಯ ಚುಕ್ಕೆ ಅವನ ಪಕ್ಕದವನು ಉಸಿರಾಡುವ ಗಾಳಿಯ ಸುದ್ದಿಯನ್ನೂ ಹೇಳುತ್ತದೆ. ಮದ್ದು ಬೇಕಾಗಿದ್ದುದು ಗಣಿಗೆ. ನೀರು ಹಾಯಿಸಿ ಕೊರೆಯುವುದು, ಗಾಳಿಯಾಡಿಸುವುದು, ರೋಗ ಕಂಡವನನ್ನು ದೂಳಿನ ಜಾಗದಿಂದ ಬದಲಿಸುವುದು, ಇವೇ ಆ ಮದ್ದು.

1952ರ ಗಣಿ ಕಾಯ್ದೆಯಡಿ ಸಿಲಿಕೋಸಿಸ್ ಸರ್ಕಾರಕ್ಕೆ ತಿಳಿಸಲೇಬೇಕಾದ ಕಾಯಿಲೆಯಾಯಿತು. ಗಣಿ ನಿಯಮಗಳ ಪ್ರಕಾರ ಕೆಲಸಕ್ಕೆ ಸೇರುವಾಗ ಒಮ್ಮೆ, ಆಮೇಲೆ ಐದು ವರ್ಷ ಮೀರದಂತೆ ಮತ್ತೆ ಮತ್ತೆ ವೈದ್ಯಕೀಯ ಪರೀಕ್ಷೆ ಆಗಬೇಕಿತ್ತು. ಎದೆಯ ಎಕ್ಸ್‌ರೇ ಅದರ ಭಾಗವಾಗಿತ್ತು. ರಾಷ್ಟ್ರೀಯ ಗಣಿ ಕಾರ್ಮಿಕರ ಆರೋಗ್ಯ ಸಂಸ್ಥೆಯ ಬೇರು ಕೂಡ ಕೆಜಿಎಫ್‌ನಲ್ಲೇ ಇತ್ತು. 2019ರಲ್ಲಿ ಅದನ್ನು ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯೊಂದಿಗೆ ವಿಲೀನಗೊಳಿಸಲು ಕೇಂದ್ರ ತೀರ್ಮಾನಿಸಿತು.

2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಐದು ವರ್ಷಕ್ಕೊಮ್ಮೆಯ ಪರೀಕ್ಷೆ ಕೆಲಸಕ್ಕೆ ಅಂಟಿಕೊಂಡಿದ್ದರಿಂದ ಕೆಲಸದೊಂದಿಗೇ ಅದೂ ನಿಂತಿತು. ದೂಳು ಮಾತ್ರ ಎದೆಯಲ್ಲೇ ಉಳಿಯಿತು. ಗಣಿ ಬಿಟ್ಟು ಎಷ್ಟೋ ವರ್ಷಗಳಾದ ಮೇಲೂ ಸಿಲಿಕೋಸಿಸ್ ಕಾಣಿಸಿಕೊಳ್ಳಬಲ್ಲದು, ಬಲಿಯಬಲ್ಲದು.

2024ರ ಅಕ್ಟೋಬರಿನಲ್ಲಿ ರಾಜ್ಯ ಸರ್ಕಾರ ಗೃಹ ಆರೋಗ್ಯ ಯೋಜನೆಯನ್ನು ಮೊದಲಿಗೆ ಕೋಲಾರ ಜಿಲ್ಲೆಯಲ್ಲೇ ಆರಂಭಿಸಿತು. ಆರೋಗ್ಯ ಸಿಬ್ಬಂದಿ ಮನೆಬಾಗಿಲಿಗೆ ಬಂದು ಬಿಪಿ, ಸಕ್ಕರೆ ಕಾಯಿಲೆ, ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್‌ಗಳ ಲಕ್ಷಣ ನೋಡತೊಡಗಿದರು. ಲೈನ್ ಮನೆಯ ಹಿರಿಯನೊಬ್ಬ ಮೆಟ್ಟಿಲು ಹತ್ತುವಾಗ ಏದುಸಿರು ಬಿಟ್ಟರೆ ಬಿಪಿ ಯಂತ್ರ ಅದರ ಕಾರಣ ಹೇಳಲಾರದು. ಗಣಿಯ ಯಾವ ಭಾಗದಲ್ಲಿ ಎಷ್ಟು ವರ್ಷ ಕೊರೆದಿರಿ ಎಂದು ಅವನನ್ನು ಕೇಳಬೇಕು, ಆಮೇಲೆ ಎಕ್ಸ್‌ರೇ ತೆಗೆಸಬೇಕು.