‘ದಡ್ಡ’ ಎಂಬ ಶಬ್ದದ ಇತಿಹಾಸ

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿ ಮಾಡಿದ್ದಳು. ಹುಬ್ಬಳ್ಳಿಯಲ್ಲಿಯೇ ಇದ್ದಾಳೆ, ಮಗ ಮೂರನೆಯ ತರಗತಿ. ‘ಸರ್, ಟೀಚರು ಡೈರಿಯೊಳಗ ಒಂದು ಚೀಟಿ ಇಟ್ಟು ಕಳಿಸ್ಯಾರ. ಹುಡುಗಗ ಕಲಿಕೆಯ ತೊಂದರಿ ಇರಬಹುದು, ಒಮ್ಮೆ ತೋರಿಸಿಕೊಂಡು ಬರ್ರಿ ಅಂತ ಬರದಾರ. ನಮ್ಮ ಮನಿಯವರು ಸಿಟ್ಟಿಗೆದ್ದು ಶಾಲಿನ ಬದಲಾಯಿಸೋಣು ಅನ್ನಾಕತ್ತಾರ. ಏನ್ ಮಾಡ್ಲಿ?’ ಎಂದು ಕೇಳಿದಳು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಎರಡು ದಿನ ಬಿಟ್ಟು ಹೇಳುತ್ತೇನೆ ಎಂದೆ. ಏಕೆಂದರೆ ಇದೇ ಜಗಳದಲ್ಲಿ ನಾನು ಎರಡು ಸಲ ಶಿಕ್ಷಕರ ಕುರ್ಚಿಯಲ್ಲಿ ಕುಳಿತಿದ್ದೆ, ಎರಡೂ ಸಲ ತಪ್ಪಿದ್ದೆ. ಆ ಎರಡು ದಿನ ಯೋಚಿಸಿದ್ದನ್ನು, ಹಳೆಯ ಪುಸ್ತಕಗಳನ್ನು ತಿರುವಿ ನೋಡಿದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಜೀವನವಿಡೀ ಇತಿಹಾಸ ಕಲಿಸಿದವನಿಗೆ ಯಾವ ಪ್ರಶ್ನೆ ಬಂದರೂ ನೂರು ವರ್ಷ ಹಿಂದಕ್ಕೆ ಹೋಗುವುದೊಂದು ಚಟ. ಸಹಿಸಿಕೊಳ್ಳಬೇಕು.

ನಮ್ಮ ಹಳೆಯ ಗಾಂವಠಿ ಶಾಲೆಗಳಲ್ಲಿ ಈ ಜಗಳವೇ ಇರಲಿಲ್ಲವೆಂದು ತೋರುತ್ತದೆ. 1823ರಲ್ಲಿ ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ ತನ್ನ ಜಿಲ್ಲೆಯ ಶಾಲೆಗಳ ಬಗ್ಗೆ ಸರಕಾರಕ್ಕೆ ವರದಿ ಬರೆದ. ಇಡೀ ಜಿಲ್ಲೆಯಲ್ಲಿ 533 ಶಾಲೆಗಳು, 6,641 ಮಕ್ಕಳು. ಮುಂಜಾನೆ ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಏರುತ್ತ ಹೋಗುತ್ತಿತ್ತಂತೆ. ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತೀಡುತ್ತಿದ್ದರು, ಕಲಿತ ಹಿರಿಯ ಹುಡುಗ ಕಿರಿಯರಿಗೆ ಹೇಳಿಕೊಡುತ್ತಿದ್ದ. ಹುಡುಗರು ಅರ್ಥ ತಿಳಿಯದೆ ಗಿಳಿಯಂತೆ ಪದ್ಯ ಒಪ್ಪಿಸುತ್ತಾರೆ ಎಂಬುದು ಕ್ಯಾಂಪ್‌ಬೆಲ್ಲನ ದೂರು. ಆ ದೂರು ನಿಜವೇ ಇರಬೇಕು. ಆದರೆ ಅಕ್ಷರ ಒಲಿಯದ ಹುಡುಗನ ದೃಷ್ಟಿಯಿಂದ ನೋಡಿರಿ. ಅಲ್ಲಿ ವಿದ್ಯೆಯ ಬಹುಪಾಲು ಬಾಯಿಯಲ್ಲಿತ್ತು. ಮಗ್ಗಿ, ಪಾವಕಿ, ಕಾಲು ಅರ್ಧದ ಲೆಕ್ಕ, ಪದ್ಯ ಎಲ್ಲವೂ ಬಾಯಿಪಾಠ. ಕಿವಿ ಚುರುಕಿದ್ದರೆ ಹುಡುಗ ಜಾಣನೇ. ಇಂತಿಷ್ಟು ವರ್ಷದವನು ಇಂತಿಷ್ಟು ಓದಲೇಬೇಕು ಎಂಬ ನಿಯಮ ಇರಲಿಲ್ಲ. ಆ ಶಾಲೆಗಳನ್ನು ನಾನು ಹೊಗಳುತ್ತಿಲ್ಲ. ಹೆಣ್ಣುಮಕ್ಕಳಿಗೆ, ಎಷ್ಟೋ ಜಾತಿಗಳ ಮಕ್ಕಳಿಗೆ ಅವುಗಳ ಬಾಗಿಲು ಮುಚ್ಚಿತ್ತು. ಒಳಗೆ ಇದ್ದವನಿಗೆ ಮಾತ್ರ ಹಿಂದೆ ಬೀಳುವ ಭಯ ಕಡಿಮೆ ಇತ್ತು ಎಂದಷ್ಟೇ ನನ್ನ ಮಾತು.

ಹಿಂದೆ ಬೀಳುವುದು ಶುರುವಾದದ್ದು ಇಯತ್ತೆಗಳು ಬಂದ ಮೇಲೆ. ಧಾರವಾಡವು ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. 1860ರ ದಶಕದ ನಡುವಿನಲ್ಲಿ ಆ ಪ್ರಾಂತ್ಯದ ಶಿಕ್ಷಣ ಇಲಾಖೆಯ ನಿರ್ದೇಶಕ ಸರ್ ಅಲೆಕ್ಸಾಂಡರ್ ಗ್ರಾಂಟ್ ಖಾಸಗಿ ಶಾಲೆಗಳಿಗೆ ‘ಫಲಿತಾಂಶ ನೋಡಿ ಹಣ’ ಎಂಬ ಪದ್ಧತಿಯನ್ನು ತಂದ. ಇಂಗ್ಲೆಂಡಿನಲ್ಲಿ 1862ರಲ್ಲಿ ಬಂದ ನಿಯಮದ ತಮ್ಮ ಇದು. ಇನ್ಸ್‌ಪೆಕ್ಟರ್ ಬರುತ್ತಾನೆ, ಒಂದೊಂದೇ ಮಗುವನ್ನು ಓದಿಸಿ, ಬರೆಯಿಸಿ, ಲೆಕ್ಕ ಮಾಡಿಸಿ ನೋಡುತ್ತಾನೆ, ಪಾಸಾದ ತಲೆಗೆ ಇಷ್ಟು ಎಂದು ಶಾಲೆಗೆ ಅನುದಾನ. ಈ ಪದ್ಧತಿಯನ್ನು 1904ರಲ್ಲಿ ಕರ್ಜನ್ ಸರಕಾರದ ಶಿಕ್ಷಣ ನಿರ್ಣಯ ತಳ್ಳಿಹಾಕಿತು. ಆದರೆ ನಲವತ್ತು ವರ್ಷದಲ್ಲಿ ಅದು ಮಾಡಬೇಕಾದ ಕೆಲಸ ಮಾಡಿ ಮುಗಿಸಿತ್ತು. ಓದಲು ಬಾರದ ಮಗು ಅಂದಿನಿಂದ ಶಾಲೆಗೆ ನಷ್ಟದ ಬಾಬ್ತು. ನಮ್ಮ ಕಡೆ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದರೆ ತಲಾಟಿಯೋ ಮಾಸ್ತರನೋ ಆಗಬಹುದಿತ್ತು, ನಪಾಸಾದರೆ ಹೊಲವೋ ಅಂಗಡಿಯೋ. ನಡುವೆ ಬೇರೆ ದಾರಿ ಇರಲಿಲ್ಲ. ‘ಇವ ದಡ್ಡ’ ಎಂದು ಮಾಸ್ತರರು ಹೇಳಿದರೆ ಅದು ಬೈಗುಳವಾಗಿ ಉಳಿಯುತ್ತಿರಲಿಲ್ಲ, ತೀರ್ಪಾಗುತ್ತಿತ್ತು. ಮರುದಿನದಿಂದ ಆ ಹುಡುಗ ಶಾಲೆಗೆ ಬರುತ್ತಿರಲಿಲ್ಲ. ತಂದೆ ತಾಯಿಗಳಿಗೆ ಇದು ನೆನಪಿದೆ. ಅವರು ಮರೆತರೂ ಅವರ ತಂದೆ ತಾಯಿಗಳಿಗೆ ನೆನಪಿದೆ.

ನನ್ನ ಮೊದಲನೆಯ ತಪ್ಪು ಈ ತೀರ್ಪಿನದೇ. 1994ರ ಸುಮಾರಿಗೆ ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ನಾನು ಪಾಠ ಹೇಳುವಾಗ ಇಡೀ ವರ್ಗದಲ್ಲಿ ಮೊದಲು ಉತ್ತರ ಬರುತ್ತಿದ್ದುದು ಅವನಿಂದ. ಪುಲಕೇಶಿ ಹರ್ಷನನ್ನು ಯಾವ ನದಿಯ ದಂಡೆಯಲ್ಲಿ ತಡೆದ ಎಂದರೆ ಕೈ ಎತ್ತುವವನು ಅವನೇ. ಅದೇ ಪಾಠವನ್ನು ಪುಸ್ತಕ ತೆಗೆದು ಓದು ಎಂದರೆ ಬೆವರುತ್ತಿದ್ದ. ಒತ್ತಕ್ಷರ ಬಂದಲ್ಲಿ ನಿಲ್ಲುತ್ತಿದ್ದ. ‘ಸಾಮ್ರಾಜ್ಯ’ ಎಂಬುದನ್ನು ಅವನ ಉತ್ತರಪತ್ರಿಕೆಯಲ್ಲಿ ಒಂದೇ ಪುಟದಲ್ಲಿ ನಾಲ್ಕು ರೀತಿಯಲ್ಲಿ ನೋಡಿದ್ದೇನೆ. ನಾನು ಮಾಡಿದ ನಿದಾನವೆಂದರೆ ಸೋಮಾರಿತನ. ತಂದೆಯನ್ನು ಕರೆಸಿದೆ. ರೇಲ್ವೆ ವರ್ಕ್‌ಶಾಪಿನಲ್ಲಿ ಕೆಲಸ ಮಾಡುವವರು, ಪಾಳಿ ಮುಗಿಸಿ ಎಣ್ಣೆ ಕೈಯಲ್ಲಿಯೇ ಬಂದಿದ್ದರು. ‘ಇವನಿಗೆ ಓದು ಹತ್ತುವುದಿಲ್ಲ, ಯಾವುದಾದರೂ ಕೈಕೆಲಸಕ್ಕೆ ಹಚ್ಚಿರಿ’ ಎಂದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ‘ಅಂವ ದಡ್ಡ ಅಲ್ರೀ ಸರ. ಕೆಟ್ಟ ರೇಡಿಯೋ ಬಿಚ್ಚಿ ಮತ್ತ ಕೂಡಸ್ತಾನ. ಅವಗ ಕಲಸೂ ರೀತಿ ನಿಮಗ ತಿಳಿದಿಲ್ಲ ನೋಡ್ರಿ’ ಎಂದು ಹೇಳಿ ಎದ್ದು ಹೋದರು. ನನಗೆ ಸಿಟ್ಟು ಬಂದಿತ್ತು. ಹುಡುಗ ಮುಂದಿನ ವರ್ಷ ಶಾಲೆ ಬಿಟ್ಟ.

ಆ ಮಾತು ಎಷ್ಟು ಸರಿಯಿತ್ತೆಂಬುದು ಬಹಳ ವರ್ಷಗಳ ನಂತರ ಒಂದು ಲೇಖನ ಓದಿದಾಗ ಗೊತ್ತಾಯಿತು. 1896ರ ನವೆಂಬರ್ 7ರ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಿಂಗಲ್ ಮಾರ್ಗನ್ ಎಂಬ ವೈದ್ಯ ಪರ್ಸಿ ಎಂಬ 14 ವರ್ಷದ ಹುಡುಗನ ಬಗ್ಗೆ ಬರೆದದ್ದು ಅದು. ಹುಟ್ಟಿನಿಂದಲೇ ಬಂದ ‘ಪದಕುರುಡು’ ಎಂದು ಆತ ಅದಕ್ಕೆ ಹೆಸರಿಟ್ಟ. ಡಿಸ್ಲೆಕ್ಸಿಯಾ ಎಂಬ ಹೆಸರನ್ನು ಜರ್ಮನಿಯ ಕಣ್ಣಿನ ವೈದ್ಯ ರುಡಾಲ್ಫ್ ಬರ್ಲಿನ್ ಆಗಲೇ ಬಳಸಿದ್ದನಾದರೂ ಅದು ಮಿದುಳಿಗೆ ಪೆಟ್ಟಾದ ದೊಡ್ಡವರ ಮಾತಾಗಿತ್ತು. ಪರ್ಸಿ ಏಳು ವರ್ಷದಿಂದ ಕಲಿಯುತ್ತಿದ್ದರೂ ತನ್ನ ಹೆಸರನ್ನೇ ಅಕ್ಷರ ಹಿಂದುಮುಂದಾಗಿ ಬರೆದ. ಆದರೆ 749ನ್ನು 867ರಿಂದ ಗುಣಿಸು ಎಂದರೆ ಬೇಗನೆ ಸರಿಯಾಗಿ ಗುಣಿಸಿಬಿಟ್ಟ. ಅಕ್ಷರ ಕಲಿಸುವಾಗಲೇ ಬಹಳ ಕಷ್ಟವಾಯಿತೆಂದು ಅವನ ತಂದೆ ವೈದ್ಯನಿಗೆ ಹೇಳಿದ್ದ. ಪಾಠವೆಲ್ಲ ಬಾಯಿಮಾತಿನಲ್ಲಿಯೇ ನಡೆದರೆ ಶಾಲೆಯಲ್ಲಿ ಇವನೇ ಎಲ್ಲರಿಗಿಂತ ಜಾಣನಾದಾನು ಎಂದು ಅವನ ಶಿಕ್ಷಕ ಹೇಳಿದ್ದ. ನಾನು ಆ ಸಾಲಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ಕುಳಿತೆ. ಈ ತೊಂದರೆಯನ್ನು ಜಗತ್ತಿಗೆ ತಿಳಿಸಿದ ಆ ಲೇಖನದಲ್ಲಿ ತಂದೆಯ ಸಾಕ್ಷಿ, ಶಿಕ್ಷಕನ ಸಾಕ್ಷಿ ಎರಡೂ ಒಟ್ಟಿಗೆ ಇವೆ. ನನ್ನ ಮುಂದೆಯೂ 1994ರಲ್ಲಿ ಎರಡೂ ಸಾಕ್ಷಿಗಳಿದ್ದವು. ಪುಲಕೇಶಿಯ ಉತ್ತರವನ್ನು ನಾನೇ ಕೇಳಿದ್ದೆ, ರೇಡಿಯೋದ ಸಂಗತಿಯನ್ನು ತಂದೆ ಹೇಳಿದ್ದರು.

ಬಿ.ಇಡಿ. ಮಾಡಿದ ನನ್ನ ಓರಗೆಯವರಿಗೆ ಕಾಮತರ ಹೆಸರು ನೆನಪಿರಬಹುದು. ಫ್ರಾನ್ಸಿನ ಬಿನೇ 1905ರಲ್ಲಿ ಆರಂಭಿಸಿದ, ಅಮೇರಿಕದ ಸ್ಟಾನ್‌ಫೋರ್ಡಿನಲ್ಲಿ ಪರಿಷ್ಕಾರಗೊಂಡ ಬುದ್ಧಿಪರೀಕ್ಷೆಯನ್ನು ನಮ್ಮ ಮಕ್ಕಳಿಗೆ ಹೊಂದಿಸಿದವರು ಡಾ. ವಿ.ವಿ. ಕಾಮತ್. 1934ರಲ್ಲಿ ಅವರು ಪ್ರಕಟಿಸಿದ ಲೇಖನ ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳನ್ನು ಕುರಿತದ್ದು; 1940ರಲ್ಲಿ ಅದು ಪುಸ್ತಕವಾಯಿತು. ಬಿನೇ-ಕಾಮತ್ ಪರೀಕ್ಷೆ ಎಂದು ಇಡೀ ದೇಶದ ಆಸ್ಪತ್ರೆಗಳು ದಶಕಗಳ ಕಾಲ ಬಳಸಿದ್ದು ಇದನ್ನೇ. ಪರೀಕ್ಷೆಗೆ ನಾವು ಕಂಠಪಾಠ ಮಾಡಿದ್ದೆವು, ಕಾಮತರು ಯಾರು, ವರ್ಷ ಯಾವುದು, ಎರಡು ಅಂಕ. ಅದರ ಉಪಯೋಗವನ್ನು ಮಾತ್ರ ಯಾರೂ ಹೇಳಲಿಲ್ಲ. ಓದಲು ಬಾರದ ಮಗುವಿನ ಬುದ್ಧಿ ಸರಿಯಾಗಿಯೇ ಇದೆ ಎಂದು ತೋರಿಸಲು ಇಂಥದೊಂದು ಅಳತೆ ಬೇಕೇ ಬೇಕು. ‘ದಡ್ಡ ಅಲ್ರೀ’ ಎಂಬ ತಂದೆಯ ಮಾತಿಗೆ ಕಾಗದದ ಆಧಾರ ಕೊಡಬಲ್ಲ ಸಾಧನ ನಮ್ಮ ಭಾಷೆಯ ಮಕ್ಕಳ ಮೇಲೆಯೇ ತಯಾರಾಗಿ ಅರುವತ್ತು ವರ್ಷವಾಗಿತ್ತು, ನಾನು ನೋಡಿದರೆ ಕೈಕೆಲಸಕ್ಕೆ ಹಚ್ಚಿರಿ ಎನ್ನುತ್ತಿದ್ದೆ. 1991ರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಾಲವಿಕಾ ಕಪೂರ್ ಮತ್ತು ಸಂಗಡಿಗರು ಕಲಿಕೆಯ ತೊಂದರೆಯನ್ನೇ ಗುರುತಿಸುವ ಪರೀಕ್ಷೆಗಳನ್ನು ರೂಪಿಸಿದ್ದರು. ಆ ಸುದ್ದಿಯೂ ನಮ್ಮ ಸ್ಟಾಫ್‌ರೂಮಿಗೆ ಬಂದಿರಲಿಲ್ಲ.

ಎರಡನೆಯ ತಪ್ಪು ಬೇರೆ ಬಗೆಯದು. 2007ರ ಡಿಸೆಂಬರಿನಲ್ಲಿ ‘ತಾರೇ ಜಮೀನ್ ಪರ್’ ಬಂತು. ಎಲ್ಲ ಶಿಕ್ಷಕರೂ ನೋಡಿದೆವು, ಅತ್ತೆವು. ಡಿಸ್ಲೆಕ್ಸಿಯಾ ಎಂಬ ಶಬ್ದ ಎಲ್ಲರ ಬಾಯಿಗೂ ಬಂತು. ಮರುವರ್ಷವೇ ನನ್ನ ವರ್ಗದಲ್ಲಿ ಅಂಥದೇ ಒಬ್ಬ ಹುಡುಗ ಕಂಡ. ಈ ಸಲ ತಪ್ಪಬಾರದೆಂದು ತಾಯಿಯನ್ನು ಕರೆಸಿ, ‘ಗಾಬರಿಯಾಗಬೇಡಿರಿ, ಒಮ್ಮೆ ಧಾರವಾಡಕ್ಕೆ ಕರೆದುಕೊಂಡು ಹೋಗಿ ತೋರಿಸಿರಿ’ ಎಂದೆ. ನನ್ನ ಮನಸ್ಸಿನಲ್ಲಿದ್ದುದು ಮಕ್ಕಳ ಮನಶ್ಶಾಸ್ತ್ರ ಬಲ್ಲ ತಜ್ಞರು. ಆ ತಾಯಿಗೆ ಕೇಳಿಸಿದ್ದು ಬೇರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷರು ಕಟ್ಟಿದ ಮಾನಸಿಕ ರೋಗಿಗಳ ಆಸ್ಪತ್ರೆ ಧಾರವಾಡದಲ್ಲಿದೆ. ಇಂದು ಅದು ಡಿಮ್ಹಾನ್ಸ್ ಎಂಬ ಹೆಸರಿನ ದೊಡ್ಡ ಸಂಸ್ಥೆ. ಆದರೆ ಉತ್ತರ ಕರ್ನಾಟಕದ ಹಳ್ಳಿಹಳ್ಳಿಯಲ್ಲಿಯೂ ‘ಇವನ್ನ ಧಾರವಾಡಕ್ಕ ಕಳಸಬೇಕು’ ಎಂದರೆ ಅರ್ಥ ಒಂದೇ. ಸಾಹಿತಿಗಳ ಊರು, ಪೇಡೆಯ ಊರು ಎಂದು ನಾವು ಹೆಮ್ಮೆಪಡುವ ಊರಿನ ಹೆಸರೇ ಬೈಗುಳವಾಗಿರುವುದನ್ನು ನಾನು ಆ ಕ್ಷಣ ಮರೆತಿದ್ದೆ. ತಾಯಿಯ ಮುಖ ಕಪ್ಪಿಟ್ಟಿತು. ‘ನನ್ನ ಮಗ ಹುಚ್ಚ ಅಲ್ರೀ’ ಎಂದರು. ಅಷ್ಟೇ. ನಾಲ್ಕನೆಯ ದಿನ ವರ್ಗಾವಣೆ ಪತ್ರಕ್ಕೆ ಅರ್ಜಿ ಬಂತು. ಹೊಸ ಶಬ್ದ ಕಲಿತು ಹೋಗಿದ್ದೆ ನಾನು. ಅವರಿಗೆ ಅದರಲ್ಲಿ ಹಳೆಯ ಶಬ್ದವೇ ಕೇಳಿಸಿತು. ತಪ್ಪು ಅವರ ಅಜ್ಞಾನದ್ದು ಎಂದು ಸ್ಟಾಫ್‌ರೂಮಿನಲ್ಲಿ ಎಲ್ಲರೂ ಹೇಳಿದರು. ನೂರು ವರ್ಷ ಮಕ್ಕಳಿಗೆ ಹೆಸರಿಟ್ಟು ಹೊರಗೆ ಕಳಿಸಿದ ಸಂಸ್ಥೆಯ ಪ್ರತಿನಿಧಿಯಾಗಿ ನಾನು ಮಾತನಾಡುತ್ತಿದ್ದೆ, ಅದನ್ನು ಅವರು ನಂಬದಿದ್ದರೆ ಅಜ್ಞಾನವೆಂದು ಹೇಗೆ ಹೇಳಲಿ?

ಆ ಹೊತ್ತಿಗೆ ಕಾನೂನಿನ ಬೆಂಬಲವೂ ನಮಗಿರಲಿಲ್ಲ. 1995ರ ಅಂಗವಿಕಲರ ಕಾಯಿದೆಯ ಪಟ್ಟಿಯಲ್ಲಿ ಏಳು ಬಗೆಗಳಿದ್ದವು, ಕಲಿಕೆಯ ತೊಂದರೆ ಅದರಲ್ಲಿರಲಿಲ್ಲ. 2016ರ ಕಾಯಿದೆ ಆ ಪಟ್ಟಿಯನ್ನು 21ಕ್ಕೆ ಏರಿಸಿದಾಗ ಇದೂ ಸೇರಿತು. 2018ರ ಜನವರಿಯ ಮಾರ್ಗಸೂಚಿ ಮೂರನೆಯ ತರಗತಿಯಲ್ಲಿ, ಅಂದರೆ ಎಂಟು ವರ್ಷದ ಹೊತ್ತಿಗೆ, ಶಿಕ್ಷಕರೇ ಮೊದಲು ಮಗುವನ್ನು ಗಮನಿಸಬೇಕೆಂದಿತು. ಆಮೇಲೆ ತಜ್ಞರ ಪರೀಕ್ಷೆ, ಪ್ರಮಾಣಪತ್ರ, ಮತ್ತೆ 14ಕ್ಕೆ ಹಾಗೂ 18ಕ್ಕೆ ಮರುಪರೀಕ್ಷೆ. ಈಗ ಜಗಳ ತಿರುಗುಮುರುಗಾದದ್ದೂ ಉಂಟು. ಹತ್ತನೆಯ ತರಗತಿ ಬಂದೊಡನೆ ಹೆಚ್ಚಿನ ಸಮಯ, ಬರೆಯುವ ಸಹಾಯಕ, ಭಾಷೆಯ ವಿನಾಯಿತಿಗಾಗಿ ಪ್ರಮಾಣಪತ್ರ ಕೇಳುವ ಪಾಲಕರು, ‘ಇದು ನೆಪ’ ಎನ್ನುವ ಶಿಕ್ಷಕರು. ಕೇಂದ್ರೀಯ ಮಂಡಳಿಯಲ್ಲಿ ಇಂಥ ಮಗು ಒಂದು ಭಾಷೆ ಕಲಿತರೆ ಸಾಕು. ಹಾಗೆ ಕೈಬಿಡುವ ಭಾಷೆ ಹೆಚ್ಚಾಗಿ ಕನ್ನಡವೇ. ಕನ್ನಡವನ್ನೂ ಕಲಿಸಿದವನಾದ ನನಗೆ ಇದು ನೋವು, ಆದರೆ ಮಗುವಿನ ನೋವಿಗಿಂತ ದೊಡ್ಡದಲ್ಲ.

ಪಾಲಕರ ಇನ್ನೊಂದು ಮಾತೂ ಇದೆ: ‘ಇನ್ನೂ ಸಣ್ಣವ ಅದಾನ, ತಾನ ಕಲೀತಾನ.’ ಇದನ್ನು ನಾವು ನೆಪವೆಂದೇ ತಿಳಿಯುತ್ತಿದ್ದೆವು. ಬೆಂಗಳೂರಿನ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಓದಿದ ಮೇಲೆ ನನ್ನ ಅಭಿಪ್ರಾಯ ಸಡಿಲಾಯಿತು. ಇಂಗ್ಲಿಷಿನಲ್ಲಿ 26 ಅಕ್ಷರ. ನಮ್ಮಲ್ಲಿ ವರ್ಣಮಾಲೆ, ಕಾಗುಣಿತವೇ ನಾನೂರಕ್ಕೂ ಮಿಕ್ಕಿ, ಮೇಲೆ ಒತ್ತಕ್ಷರಗಳು. ಎಲ್ಲ ಮಕ್ಕಳಿಗೂ ಇವು ಕೈವಶವಾಗಲು ಮೂರು-ನಾಲ್ಕನೆಯ ತರಗತಿಯವರೆಗೂ ಕಾಲ ಬೇಕು. ಒಂದನೆಯ ತರಗತಿಯಲ್ಲಿ ತೊಡರುವ ಮಗುವಿಗೆ ಹೆಸರು ಕೊಡುವ ಆತುರ ಬೇಡ. ಹುಬ್ಬಳ್ಳಿಯಲ್ಲಂತೂ ಮನೆಯಲ್ಲಿ ಉರ್ದು, ಮರಾಠಿ, ಕೊಂಕಣಿ, ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷು. ಇದರಲ್ಲಿ ತೊಂದರೆ ಮಗುವಿನದೋ ಭಾಷೆಯದೋ ಎಂದು ಬೇರ್ಪಡಿಸುವುದು ತಜ್ಞರಿಗೂ ಸುಲಭವಲ್ಲ. ಆದರೆ ಮೂರನೆಯ ತರಗತಿ ದಾಟುತ್ತಿದ್ದರೂ, ಮನೆಮಾತಿನಲ್ಲಿಯೂ ಓದು ಹತ್ತದಿದ್ದರೆ, ಕಾಯುವುದು ಮಗುವಿಗೆ ನಾವೇ ಕೊಡುವ ಶಿಕ್ಷೆ.

ಎರಡು ದಿನದ ನಂತರ ನನ್ನ ವಿದ್ಯಾರ್ಥಿನಿಗೆ ಕರೆ ಮಾಡಿ, ಫೋನನ್ನು ಗಂಡನಿಗೆ ಕೊಡು ಎಂದೆ. ಅವರಿಗೆ ಬುದ್ಧಿ ಹೇಳಲಿಲ್ಲ. ‘ಹುಡುಗ ಯಾವುದರಲ್ಲಿ ಹುಷಾರು ಇದ್ದಾನೆ?’ ಎಂದಷ್ಟೇ ಕೇಳಿದೆ. ಹತ್ತು ನಿಮಿಷ ಹೇಳಿದರು. ಕ್ರಿಕೆಟ್ಟಿನ ಅಂಕಿ ಅಂಶ ಬಾಯಲ್ಲಿದೆಯಂತೆ, ಅಜ್ಜಿ ಹೇಳಿದ ಕತೆಯನ್ನು ಒಂದಕ್ಷರ ಬಿಡದೆ ತಿರುಗಿ ಹೇಳುತ್ತಾನಂತೆ. ‘ಇದಿಷ್ಟನ್ನೂ ಒಂದು ಹಾಳೆಯ ಮೇಲೆ ಬರೆಯಿರಿ. ಟೀಚರ ಚೀಟಿಯ ಜೊತೆಗೆ ಅದನ್ನೂ ಪರೀಕ್ಷೆ ಮಾಡುವವರಿಗೆ ಕೊಡಿರಿ’ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಮತ್ತೆ, ‘ಧಾರವಾಡಕ್ಕ ಹೋಗಬೇಕೇನ್ರೀ ಸರ?’ ಎಂದು ಕೇಳಿದರು. ಹೌದು ಎಂದೆ. ಬೇಕಾದರೆ ನಾನೂ ಬರುತ್ತೇನೆ ಎಂದೆ. ಬರುವ ಮಂಗಳವಾರ ಮೂವರ ಜೊತೆ ನಾನೂ ಹೊರಟಿದ್ದೇನೆ. ಪೇಡೆ ಕೊಡಿಸುವುದಾಗಿ ಹುಡುಗನಿಗೆ ಮಾತು ಕೊಟ್ಟಾಗಿದೆ.