ವೋಲ್ವೋ, ಸಾಬ್: ಒಂದು ರಸ್ತೆಯಲ್ಲಿ, ಇನ್ನೊಂದು ಆಗಸದಲ್ಲಿ

ಬೆಂಗಳೂರು: ಹೆಬ್ಬಾಳದ ಮೇಲ್ಸೇತುವೆಯ ಬಳಿ ವಿಮಾನ ನಿಲ್ದಾಣದ ಬಸ್ಸಿಗೆ ಕಾಯುವವರು 'ವೋಲ್ವೋ ಬಂತಾ?' ಎಂದು ಕೇಳುವುದು ರೂಢಿ. ಬಂದದ್ದು ಬೇರೆ ಕಂಪನಿಯ ಹವಾನಿಯಂತ್ರಿತ ಬಸ್ಸಾದರೂ ಹೆಸರೇನೂ ಬದಲಾಗದು. ಅಲ್ಲಿಂದ ಇನ್ನಷ್ಟು ಉತ್ತರಕ್ಕಿರುವ ಯಲಹಂಕ ವಾಯುನೆಲೆಯಲ್ಲಿ 2011ರ ಏರೋ ಇಂಡಿಯಾ ಪ್ರದರ್ಶನ ನಡೆದಾಗ 'ಗ್ರಿಪೆನ್' ಎಂಬ ಯುದ್ಧವಿಮಾನ ಜನರ ಕಣ್ಸೆಳೆದಿತ್ತು. ಒಲಿಂಪಿಕ್ ಚಿನ್ನದ ಪದಕ ವಿಜೇತ ಶೂಟರ್ ಅಭಿನವ್ ಬಿಂದ್ರಾ ಅದರಲ್ಲಿ ಹಾರಾಟ ನಡೆಸಿದ್ದರು. ಅದನ್ನು ತಯಾರಿಸಿದ್ದು ಸ್ವೀಡನ್ನಿನ ಸಾಬ್ ಕಂಪನಿ.

ವೋಲ್ವೋ ಮತ್ತು ಸಾಬ್, ಇವೆರಡೂ ಜಗತ್ತಿಗೆ ಮೊದಲು ಪರಿಚಿತವಾದದ್ದು ಕಾರಿನ ಹೆಸರುಗಳಾಗಿ. ಬೆಂಗಳೂರಿಗರಿಗೆ ಮಾತ್ರ ಒಂದು ಬಸ್ಸಾಗಿ, ಇನ್ನೊಂದು ವಿಮಾನವಾಗಿ ಪರಿಚಯವಾಯಿತು.

ವೋಲ್ವೋ ಎಂದರೆ ಲ್ಯಾಟಿನ್ ಭಾಷೆಯಲ್ಲಿ 'ನಾನು ಉರುಳುತ್ತೇನೆ' ಎಂದರ್ಥ. ಬೇರಿಂಗ್ ತಯಾರಕ ಎಸ್‌ಕೆಎಫ್ ಸಂಸ್ಥೆ ತನ್ನ ಸರಕಿಗೆಂದು ಇಟ್ಟುಕೊಂಡಿದ್ದ ಹೆಸರಿದು. ಅಸ್ಸಾರ್ ಗೇಬ್ರಿಯಲ್ಸನ್ ಮತ್ತು ಗುಸ್ತಾಫ್ ಲಾರ್ಸನ್ ಎಂಬಿಬ್ಬರು ಅದೇ ಹೆಸರಿನಲ್ಲಿ ಗೋಥೆನ್‌ಬರ್ಗ್ ನಗರದಲ್ಲಿ ಕಾರು ತಯಾರಿಕೆಗೆ ಕೈಹಾಕಿದರು. 1927ರ ಏಪ್ರಿಲ್ 14ರಂದು 'ಯಾಕೋಬ್' ಎಂಬ ಅಡ್ಡಹೆಸರಿನ ಮೊದಲ ಕಾರು ಹೊರಬಂತು. ವರ್ಷದ ಬಹುಭಾಗ ಚಳಿಯಲ್ಲಿ ಮುದುಡುವ ದೇಶದಲ್ಲಿ ಅದು ಮೇಲ್ಛಾವಣಿ ಮಡಚುವ ತೆರೆದ ಕಾರಾಗಿತ್ತು ಎಂಬುದು ಸೋಜಿಗ!

ಸಾಬ್ ಕಂಪನಿಯ ಕಥೆ ಬೇರೆ. 1937ರಲ್ಲಿ ಯುದ್ಧವಿಮಾನಗಳ ತಯಾರಿಕೆಗೆಂದೇ ಹುಟ್ಟಿದ ಈ ಸಂಸ್ಥೆ, ಎರಡನೇ ಮಹಾಯುದ್ಧದ ನಂತರ ಬೇಡಿಕೆ ಕುಗ್ಗಬಹುದೆಂದು ಅಂದಾಜಿಸಿ ಕಾರಿನತ್ತ ಹೊರಳಿತು. ಅದರ 90 ಮತ್ತು 91ನೇ ಯೋಜನೆಗಳು ವಿಮಾನಗಳಾಗಿದ್ದುದರಿಂದ 1949ರಲ್ಲಿ ತಯಾರಿಕೆ ಆರಂಭಗೊಂಡ ಕಾರಿಗೆ 'ಸಾಬ್ 92' ಎಂಬ ಹೆಸರಾಯಿತು. ವಿಮಾನದ ಎಂಜಿನಿಯರುಗಳು ರೂಪಿಸಿದ ಈ ಕಾರು ಗಾಳಿಯನ್ನು ಸೀಳಿಕೊಂಡು ಸಾಗುವಂತೆ ನೀರಹನಿಯ ಆಕಾರದಲ್ಲಿತ್ತು. ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿ ಬೈಕಿನಂತೆ ಇದರದ್ದೂ ಟು-ಸ್ಟ್ರೋಕ್ ಎಂಜಿನ್. ಪೆಟ್ರೋಲಿಗೆ ಆಯಿಲ್ ಬೆರೆಸಿಯೇ ಓಡಿಸಬೇಕಿತ್ತು. ಇದೇ ವಂಶದ ಸಾಬ್ 96 ಕಾರನ್ನೋಡಿಸಿ ಎರಿಕ್ ಕಾರ್ಲ್‌ಸನ್ 1962 ಮತ್ತು 1963ರಲ್ಲಿ ಸತತವಾಗಿ ಮಾಂಟೆಕಾರ್ಲೋ ರ‍್ಯಾಲಿ ಗೆದ್ದರು. 1970ರ ದಶಕದ ಕೊನೆಯಲ್ಲಿ ಬಂದ 99 ಟರ್ಬೋ ಮತ್ತು 900 ಮಾದರಿಗಳು ಸಾಬ್ ಕಂಪನಿಗೆ ಕೀರ್ತಿ ತಂದವು. ಕೀಲಿಯನ್ನು ಸ್ಟೀರಿಂಗ್ ಬಳಿ ಇಡದೆ ಎರಡು ಸೀಟುಗಳ ನಡುವೆ ಇಟ್ಟದ್ದು ಅದರ ಗುರುತಾಗಿತ್ತು.

ಈ ಎರಡು ಕಂಪನಿಗಳ ಕಥೆಯನ್ನು ಬೆಸೆದವರು ನಿಲ್ಸ್ ಬೋಲಿನ್. ಸಾಬ್ ಸಂಸ್ಥೆಯಲ್ಲಿ ಅವರ ಕೆಲಸ, ಅಪಾಯದ ವೇಳೆ ಪೈಲಟ್‌ನನ್ನು ವಿಮಾನದಿಂದ ಹೊರಕ್ಕೆ ಚಿಮ್ಮಿಸುವ ಆಸನದ ವಿನ್ಯಾಸ. 1958ರಲ್ಲಿ ವೋಲ್ವೋ ಸೇರಿದ ಮೇಲೆ ಅವರಿಗೆ ಬಂದದ್ದು ತದ್ವಿರುದ್ಧ ಹೊಣೆ: ಅಪಘಾತದಲ್ಲಿ ಪ್ರಯಾಣಿಕ ಸೀಟು ಬಿಟ್ಟು ಕದಲದಂತೆ ಹಿಡಿದಿಡುವುದು! ಅಲ್ಲಿಯವರೆಗೆ ಸೊಂಟಕ್ಕೆ ಬಿಗಿಯುವ ಪಟ್ಟಿಯೇ ಸಾಮಾನ್ಯವಾಗಿತ್ತು. ಡಿಕ್ಕಿಯಾದಾಗ ದೇಹದ ಮೇಲ್ಭಾಗ ಮುಂದಕ್ಕೆ ಬಾಗಿ, ಹೊಟ್ಟೆಯೊಳಗಿನ ಅಂಗಗಳಿಗೆ ಪೆಟ್ಟಾಗುತ್ತಿತ್ತು. ಬೋಲಿನ್ ಎದೆ ಮತ್ತು ಸೊಂಟ ಎರಡನ್ನೂ ಒಂದೇ ಪಟ್ಟಿಯಲ್ಲಿ ಹಿಡಿದು, ಕೊಂಡಿಯನ್ನು ಪಕ್ಕಕ್ಕೆ, ಸೊಂಟದ ಕೆಳಮಟ್ಟಕ್ಕೆ ತಂದರು. ಹೊಡೆತದ ಭಾರ ಗಟ್ಟಿ ಎಲುಬುಗಳ ಮೇಲೆ ಹಂಚಿಹೋಯಿತು. ಒಂದೇ ಕೈಯಲ್ಲಿ ತೊಡಬಹುದಾದದ್ದು ಇನ್ನೊಂದು ಅನುಕೂಲ. 1959ರಲ್ಲಿ 'ಪಿವಿ 544' ಮತ್ತು 'ಅಮೆಜಾನ್' ಕಾರುಗಳಲ್ಲಿ ಇದು ಬಂತು. ಪೇಟೆಂಟ್ ತನ್ನದಾದರೂ ಇತರ ಕಂಪನಿಗಳೂ ಬಳಸಿಕೊಳ್ಳಲು ವೋಲ್ವೋ ಮುಕ್ತ ಅವಕಾಶ ನೀಡಿತು. ಇಂದು ಯಾವ ಕಾರಿನಲ್ಲಿ ಕುಳಿತರೂ ಹೆಗಲಿನಿಂದ ಇಳಿದುಬರುವುದು ಇದೇ ಪಟ್ಟಿ.

ವೋಲ್ವೋ ಕಾರುಗಳಲ್ಲಿ ಅಂದಕ್ಕೆ ಹೆಸರಾದದ್ದು 1961ರ 'ಪಿ1800'. ರೋಜರ್ ಮೂರ್ 'ದಿ ಸೇಂಟ್' ಟಿವಿ ಧಾರಾವಾಹಿಯಲ್ಲಿ ಓಡಿಸಿದ್ದು ಇದನ್ನೇ. ಅಮೆರಿಕದ ಶಾಲಾ ಶಿಕ್ಷಕ ಇರ್ವ್ ಗಾರ್ಡನ್ 1966ರಲ್ಲಿ ಕೊಂಡ ಇಂಥದೊಂದು ಕಾರು 2013ರಲ್ಲಿ 30 ಲಕ್ಷ ಮೈಲಿ, ಅಂದರೆ ಸುಮಾರು 48 ಲಕ್ಷ ಕಿ.ಮೀ. ಪೂರೈಸಿತು. ಗಟ್ಟಿತನಕ್ಕೆ ಹೆಸರಾದದ್ದು ಪೆಟ್ಟಿಗೆಯಾಕಾರದ '240'. ನೋಡಲು ಇಟ್ಟಿಗೆಯಂತಿದ್ದರೂ 1974ರಿಂದ 1993ರವರೆಗೆ ಸುಮಾರು 28 ಲಕ್ಷ ಕಾರುಗಳು ತಯಾರಾದವು. 2002ರಲ್ಲಿ 'ಎಕ್ಸ್‌ಸಿ 90' ಬಂತು.

ಅಷ್ಟರಲ್ಲಿ ಒಡೆತನ ಕೈಬದಲಾಗಿತ್ತು. 1999ರಲ್ಲಿ ವೋಲ್ವೋ ಸಮೂಹ ತನ್ನ ಕಾರು ವಿಭಾಗವನ್ನು ಅಮೆರಿಕದ ಫೋರ್ಡ್‌ಗೆ ಮಾರಿತು. 2010ರಲ್ಲಿ ಅದು ಚೀನಾದ ಗೀಲಿ ಕಂಪನಿಯ ಪಾಲಾಯಿತು. ಹೀಗಾಗಿ ವೋಲ್ವೋ ಬಸ್ಸು ಮತ್ತು ವೋಲ್ವೋ ಕಾರು ಇಂದು ಬೇರೆ ಬೇರೆ ಕಂಪನಿಗಳ ಸರಕು. ಸಾಬ್ ಕಾರಿಗೆ ಈ ಅದೃಷ್ಟವೂ ಇರಲಿಲ್ಲ. ಜನರಲ್ ಮೋಟಾರ್ಸ್ ಕೈಯಿಂದ ಜಾರಿ, 2011ರ ಡಿಸೆಂಬರಿನಲ್ಲಿ ದಿವಾಳಿಯಾಯಿತು. ಗ್ರಿಪೆನ್ ಯಲಹಂಕದಲ್ಲಿ ಹಾರಿದ ವರ್ಷವೇ ಅದೇ ಹೆಸರಿನ ಕಾರು ಕಂಪನಿ ಬಾಗಿಲೆಳೆದುಕೊಂಡಿತು.

ಕರ್ನಾಟಕಕ್ಕೆ ವೋಲ್ವೋ ಬಂದದ್ದು ಲಾರಿಯ ಮೂಲಕ. 1998ರಲ್ಲಿ ಹೊಸಕೋಟೆಯಲ್ಲಿ ಲಾರಿ ಕಾರ್ಖಾನೆ ಆರಂಭಗೊಂಡಿತು, 2001ರಲ್ಲಿ ಬಸ್ಸುಗಳು ಬಂದವು. ಹಿಂಬದಿಯ ಎಂಜಿನ್, ಗಾಳಿ ತುಂಬಿದ ಸಸ್ಪೆನ್ಷನ್ ಇದ್ದ ಈ ಬಸ್ಸು ರಾತ್ರಿ ಪ್ರಯಾಣದ ಕಲ್ಪನೆಯನ್ನೇ ಬದಲಿಸಿತು. ಬಿಎಂಟಿಸಿ 2006ರಲ್ಲಿ ವೋಲ್ವೋ ನಗರ ಸಾರಿಗೆ ಬಸ್ಸುಗಳನ್ನು ರಸ್ತೆಗಿಳಿಸಿತು. 2008ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣ ದೇವನಹಳ್ಳಿಗೆ ಸ್ಥಳಾಂತರಗೊಂಡಾಗ 'ವಾಯು ವಜ್ರ' ಬಸ್ಸುಗಳು ಹೆಬ್ಬಾಳ, ಯಲಹಂಕದ ದಾರಿಯಲ್ಲಿ ದಿನನಿತ್ಯದ ನೋಟವಾದವು. ಕಾರುಗಳು ಭಾರತಕ್ಕೆ ಕಾಲಿಟ್ಟದ್ದು 2007ರಲ್ಲಿ. ಹೊಸಕೋಟೆಯಲ್ಲಿ ಅವುಗಳ ಜೋಡಣೆ ಆರಂಭವಾದದ್ದು 2017ರಲ್ಲಿ, ಎಕ್ಸ್‌ಸಿ 90 ಮಾದರಿಯೊಂದಿಗೆ.

ಸುರಕ್ಷತೆಯ ಹೆಸರಿಗೆ ಇದೇ ನೆಲದಲ್ಲಿ ಕಠಿಣ ಪರೀಕ್ಷೆಗಳೂ ಎದುರಾಗಿವೆ. 2013ರ ಅಕ್ಟೋಬರ್ 30ರಂದು ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟಿದ್ದ ಖಾಸಗಿ ವೋಲ್ವೋ ಬಸ್ಸು ಮೆಹಬೂಬ್‌ನಗರ ಜಿಲ್ಲೆಯಲ್ಲಿ ಬೆಂಕಿಗಾಹುತಿಯಾಗಿ 45 ಮಂದಿ ಸಜೀವ ದಹನಗೊಂಡರು. 2024ರ ಡಿಸೆಂಬರ್ 21ರಂದು, ಯಶವಂತಪುರ ದಾಟಿ ಸಾಗುವ ತುಮಕೂರು ಹೆದ್ದಾರಿಯಲ್ಲಿ, ನೆಲಮಂಗಲ ಸಮೀಪ ಕಂಟೇನರ್ ಲಾರಿಯೊಂದು ರಸ್ತೆ ವಿಭಜಕ ದಾಟಿ ಎಕ್ಸ್‌ಸಿ 90 ಕಾರಿನ ಮೇಲೆ ಉರುಳಿಬಿತ್ತು. ಒಂದೇ ಕುಟುಂಬದ ಆರು ಮಂದಿ ಅಸುನೀಗಿದರು. ಮೇಲೆರಗುವ ಹತ್ತಾರು ಟನ್ ಭಾರಕ್ಕೆ ಯಾವ ಬೆಲ್ಟೂ ಉತ್ತರವಲ್ಲ. ಆ ಪ್ರಶ್ನೆ ಹೆದ್ದಾರಿಯದ್ದು, ಲಾರಿಯದ್ದು.

ಬೆಲ್ಟು ಉತ್ತರವಾಗಬಲ್ಲ ಅಪಘಾತಗಳ ಮಾತು ಬೇರೆ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ಸೀಟ್ ಬೆಲ್ಟ್ ಧರಿಸದಿದ್ದರೆ 1,000 ರೂ. ದಂಡ ವಿಧಿಸುತ್ತದೆ, ಹಿಂಬದಿ ಸೀಟಿನಲ್ಲಿ ಕುಳಿತವರಿಗೂ ನಿಯಮದಿಂದ ವಿನಾಯಿತಿಯಿಲ್ಲ. ಆದರೆ ಹೆಬ್ಬಾಳದಿಂದ ವಿಮಾನ ನಿಲ್ದಾಣಕ್ಕೆ ಹೊರಡುವ ಟ್ಯಾಕ್ಸಿಗಳ ಹಿಂದಿನ ಸೀಟಿನಲ್ಲಿ ಕುಳಿತು ಬೆಲ್ಟಿಗಾಗಿ ತಡಕಾಡಿದರೆ, ಬೋಲಿನ್ ಅವರ ಆ ಕೊಂಡಿ ಸಿಗುವುದು ಬಹಳ ಸಲ ಸೀಟ್ ಕವರಿನ ಅಡಿಯಲ್ಲಿ.